ಚಿತ್ರಮಂದಿರ, ಪ್ರಾರ್ಥನಾ ಮಂದಿರ: ವಾಲ್ಥಮ್‌ಸ್ಟೊ ಊರಿನ ಒಂದು ಜಗಳ

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಗಡಿಬಿಡಿಯಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಯನ್ನೂ ಬಿಟ್ಟಿಲ್ಲ, ಯಾಕೆಂದರೆ ಅಸಲಿ ಮಾತು ಶುರುವಾದದ್ದೇ ಅಲ್ಲಿಂದ.)

ಎಲ್ಲರಿಗೂ ನಮಸ್ಕಾರ.

ಒಂದು ದೀಪದ ಕಂಬದಿಂದ ಮಾತು ಶುರು ಮಾಡುತ್ತೇನೆ. 2009ರಿಂದ ನಾಲ್ಕು ವರ್ಷ ನಾನು ಲಂಡನ್ನಿನ ಈಶಾನ್ಯ ಅಂಚಿನ ವಾಲ್ಥಮ್‌ಸ್ಟೊ ಎಂಬ ಊರಿನಲ್ಲಿ ಬಾಡಿಗೆಗಿದ್ದೆ. ವಿಕ್ಟೋರಿಯಾ ಮೆಟ್ರೋ ಮಾರ್ಗದ ಕೊನೆ ನಿಲ್ದಾಣ ಅದು. ಇಳಿದು ಹೋ ಸ್ಟ್ರೀಟ್ ಎಂಬ ರಸ್ತೆಯಲ್ಲಿ ನಡೆದರೆ ಒಂದು ದೊಡ್ಡ ಕಟ್ಟಡ ಸಿಗುತ್ತಿತ್ತು. ಬಾಗಿಲಿಗೆ ಬೀಗ. ಮಳೆನೀರಿನ ದೋಣಿಯಲ್ಲಿ ಗಿಡ ಬೆಳೆದಿತ್ತು. ಅದರ ಎದುರಿನ ದೀಪದ ಕಂಬಕ್ಕೆ ಒಂದು ದಿನ ಯಾರೋ ಒಂದು ಕಾಗದ ಕಟ್ಟಿದ್ದರು. ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ ಹೊದಿಕೆ. ಈ ಕಟ್ಟಡದ ಬಳಕೆ ಬದಲಾಯಿಸಲು ಅರ್ಜಿ ಬಂದಿದೆ, ನಿಮ್ಮ ಅಭಿಪ್ರಾಯ ಇದ್ದರೆ ಇಷ್ಟು ದಿನದೊಳಗೆ ಬರೆಯಿರಿ, ಅಂತ ಇತ್ತು.

ನಾನು ಅದನ್ನು ಎರಡು ಸಲ ಓದಿದೆ. ನಾನಿನ್ನೂ ಆ ಊರಿಗೆ ಹೊಸಬ. ಮನೆ ಬಾಡಿಗೆಯದು, ವೀಸಾ ತಾತ್ಕಾಲಿಕದ್ದು. ಆದರೂ ಆ ಕಾಗದ ನನ್ನನ್ನೂ ಕೇಳುತ್ತಿತ್ತು. ನಮ್ಮ ಊರಲ್ಲಿ ನಲವತ್ತು ವರ್ಷ ಇದ್ದರೂ ಹಾಗೆ ಯಾರೂ ನನ್ನನ್ನು ಕೇಳಿರಲಿಲ್ಲ.

ಆ ಕಟ್ಟಡ ಒಂದು ಚಿತ್ರಮಂದಿರ. 1930ರಲ್ಲಿ ಗ್ರನಾಡಾ ಅನ್ನೋ ಹೆಸರಲ್ಲಿ ಶುರುವಾಯಿತು. ಕಟ್ಟಿದ ವಾಸ್ತುಶಿಲ್ಪಿ ಸೆಸಿಲ್ ಮೇಸಿ. ಒಳಗಿನ ಅಲಂಕಾರ ಥಿಯೋಡರ್ ಕೊಮಿಸಾರ್ಜೆವ್‌ಸ್ಕಿ ಎಂಬ ರಷ್ಯನ್ ರಂಗಕರ್ಮಿಯದು. ಸ್ಪೇನಿನ ಗ್ರನಾಡಾ ನಗರದ ಅಲ್ಹಂಬ್ರಾ ಅರಮನೆಯನ್ನು ನೆನಪಿಸುವ ಕಮಾನುಗಳು, ಬಣ್ಣದ ಚಾವಣಿ, ತೂಗುದೀಪ. ಎರಡೂವರೆ ಸಾವಿರಕ್ಕೂ ಜಾಸ್ತಿ ಆಸನ. ಸಿನಿಮಾದ ಜೊತೆ ನುಡಿಸಲು ಒಂದು ದೊಡ್ಡ ಆರ್ಗನ್ ವಾದ್ಯ. ಸುತ್ತಮುತ್ತ ಇದ್ದವರು ಕಾರ್ಖಾನೆಗೆ ಹೋಗುವ ಜನ, ಸಣ್ಣ ಮನೆಗಳ ಜನ. ಅವರ ಕೈಗೆಟುಕುವ ದುಡ್ಡಿಗೆ ಒಂದು ಸಂಜೆ ಅರಮನೆಯಲ್ಲಿ ಕೂರುವ ಭಾಗ್ಯ. 1963ರಲ್ಲಿ ಬೀಟಲ್ಸ್ ತಂಡ ಇಲ್ಲಿ ಹಾಡಿತು. ಮುಂದೆ ಎಲ್ಲ ಕಡೆ ಆದ ಹಾಗೆ ಟಿವಿ ಬಂತು, ಜನ ಕಡಿಮೆಯಾದರು. ಒಂದು ಪರದೆ ಇದ್ದದ್ದು ಮೂರಾಯಿತು. ಕೈಯಿಂದ ಕೈಗೆ ಹೋಗಿ, ಕೊನೆಗೆ ಇಎಂಡಿ ಅನ್ನೋ ಹೆಸರಲ್ಲಿ ಇಂಗ್ಲಿಷ್ ಸಿನಿಮಾದ ಜೊತೆ ಹಿಂದಿ ಸಿನಿಮಾಗಳನ್ನೂ ಹಾಕುತ್ತಿದ್ದರು.

2003ರ ಆರಂಭದಲ್ಲಿ ಬಾಗಿಲು ಮುಚ್ಚಿತು. ಕೊಂಡವರು ಯೂನಿವರ್ಸಲ್ ಚರ್ಚ್ ಆಫ್ ದ ಕಿಂಗ್‌ಡಮ್ ಆಫ್ ಗಾಡ್. 1977ರಲ್ಲಿ ಬ್ರೆಜಿಲ್‌ನಲ್ಲಿ ಹುಟ್ಟಿ ಜಗತ್ತಿನ ತುಂಬ ಹರಡಿರುವ ಕ್ರೈಸ್ತ ಪಂಥ ಅದು. ಅವರಿಗೆ ಅದನ್ನು ಪ್ರಾರ್ಥನೆಯ ಜಾಗ ಮಾಡಿಕೊಳ್ಳಬೇಕಿತ್ತು.

ಇಲ್ಲಿ ಇಂಗ್ಲೆಂಡಿನ ಒಂದು ಕ್ರಮ ಹೇಳಬೇಕು. ಅಲ್ಲಿ ಕಟ್ಟಡ ಕೊಂಡ ಮಾತ್ರಕ್ಕೆ ಅದನ್ನು ಏನು ಬೇಕಾದರೂ ಮಾಡುವ ಹಾಗಿಲ್ಲ. ಪ್ರತಿ ಕಟ್ಟಡಕ್ಕೂ ಒಂದು ಬಳಕೆಯ ವರ್ಗ ಇರುತ್ತದೆ. 1987ರ ನಿಯಮದ ಪ್ರಕಾರ ಸಿನಿಮಾ, ಬಿಂಗೊ ಆಟದ ಹಾಲ್, ವ್ಯಾಯಾಮಶಾಲೆ ಇವೆಲ್ಲ ಆಗ ಒಂದು ವರ್ಗವಾಗಿದ್ದವು. ಚರ್ಚು, ಮಸೀದಿ, ದೇವಸ್ಥಾನ, ಗುರುದ್ವಾರ ಇನ್ನೊಂದು ವರ್ಗ. ಈ ಎರಡನೇ ವರ್ಗದಲ್ಲೇ ಗ್ರಂಥಾಲಯ, ಶಾಲೆ, ದವಾಖಾನೆಗಳೂ ಇದ್ದವು. ನನಗೆ ಅದು ಬಹಳ ಹಿಡಿಸಿತು. ದೇವರನ್ನು ಪುಸ್ತಕದ ಪಕ್ಕ, ಡಾಕ್ಟರ ಪಕ್ಕ ಕೂರಿಸಿದ್ದಾರೆ, ಅವಮಾನ ಏನಿಲ್ಲ. ಆದರೆ ಒಂದು ವರ್ಗದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಸ್ಥಳೀಯ ಕೌನ್ಸಿಲ್‌ನ ಅನುಮತಿ ಬೇಕು. ಅನುಮತಿ ಕೊಡುವ ಮೊದಲು ಅಕ್ಕಪಕ್ಕದವರನ್ನು ಕೇಳಬೇಕು. ಕಂಬದ ಮೇಲಿನ ಕಾಗದ ಅದಕ್ಕೇ.

ಕೌನ್ಸಿಲ್ 2003ರಲ್ಲೇ ಆಗುವುದಿಲ್ಲ ಅಂದಿತ್ತು. ಚರ್ಚಿನವರು ಕೆಲ ವರ್ಷ ಬಿಟ್ಟು ಮತ್ತೆ ಅರ್ಜಿ ಹಾಕಿದರು. ನಾನು ಓದಿದ್ದು ಈ ಎರಡನೇ ಸುತ್ತಿನ ಕಾಗದ. ಅಷ್ಟರಲ್ಲಿ ಊರಿನ ಸಿನಿಮಾ ಪ್ರೇಮಿಗಳು ಒಂದಾಗಿದ್ದರು. ಮೆಗಫಿನ್ ಫಿಲ್ಮ್ ಸೊಸೈಟಿ ಅನ್ನೋ ಗುಂಪು ಅದರ ಮುಂದಾಳು. ಆಲ್ಫ್ರೆಡ್ ಹಿಚ್‌ಕಾಕ್ ತಮ್ಮ ಸಿನಿಮಾಗಳ ಬಗ್ಗೆ ಹೇಳುವಾಗ ಬಳಸುತ್ತಿದ್ದ ಪದ ಅದು. ಹಿಚ್‌ಕಾಕ್ ಹುಟ್ಟಿದ್ದು ಅದೇ ಆಡಳಿತ ವಲಯದ ಲೇಟನ್‌ಸ್ಟೋನ್‌ನಲ್ಲಿ. ಅಂಥವರ ಊರಲ್ಲಿ, ಎರಡು ಲಕ್ಷಕ್ಕೂ ಜಾಸ್ತಿ ಜನ ಇರುವ ವಲಯದಲ್ಲಿ, ಒಂದೂ ಸಿನಿಮಾ ಮಂದಿರ ಉಳಿದಿರಲಿಲ್ಲ. ಸಿನಿಮಾ ನೋಡಬೇಕು ಅಂದರೆ ಬೇರೆ ವಲಯಕ್ಕೆ ಹೋಗಬೇಕಿತ್ತು. ಈ ಸ್ಥಿತಿ 2014ರ ಕೊನೆಯವರೆಗೆ ಹಾಗೇ ಇತ್ತು.

ನಾನು ಸಹಿ ಹಾಕಿದೆನಾ? ಹಾಕಿದೆ. ಆದರೆ ಸುಲಭಕ್ಕೆ ಹಾಕಲಿಲ್ಲ. ಅದಕ್ಕೆ ಕಾರಣ ಕೆಳಗಿನ ಮನೆಯ ಹೆಂಗಸು.

ನಾನಿದ್ದ ಮನೆಯ ಕೆಳಗಿನ ಕೋಣೆಯಲ್ಲಿ ಒಬ್ಬರು ಬ್ರೆಜಿಲಿನವರು ಇದ್ದರು. ನಸುಕಿನಲ್ಲಿ ನಾಲ್ಕು ಗಂಟೆಗೆ ಎದ್ದು ಆಫೀಸುಗಳನ್ನು ಗುಡಿಸಿ ಒರೆಸುವ ಕೆಲಸಕ್ಕೆ ಹೋಗುತ್ತಿದ್ದರು. ಭಾನುವಾರ ಮಾತ್ರ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಮೆಟ್ರೋದಲ್ಲಿ ನಾಲ್ಕನೇ ನಿಲ್ದಾಣ ಫಿನ್ಸ್‌ಬರಿ ಪಾರ್ಕಿಗೆ ಹೋಗುತ್ತಿದ್ದರು. ಅಲ್ಲಿ ಇದೇ ಪಂಥದ ಚರ್ಚು ಇದೆ. ಅದೂ 1930ರ ಹಳೇ ಚಿತ್ರಮಂದಿರವೇ, ರೇನ್‌ಬೋ ಅನ್ನೋ ಹೆಸರಲ್ಲಿ ದೊಡ್ಡ ಸಂಗೀತ ಕಚೇರಿಗಳು ನಡೆದ ಜಾಗ. ವರ್ಷಗಟ್ಟಲೆ ಹಾಳುಬಿದ್ದಿತ್ತು. 1995ರಲ್ಲಿ ಈ ಚರ್ಚಿನವರು ಬಂದು ಅದನ್ನು ದುರಸ್ತಿ ಮಾಡಿ, ಒಳಗಿನ ಕಾರಂಜಿ, ಚಾವಣಿ ಎಲ್ಲ ಚೆನ್ನಾಗಿ ಕಾಪಾಡಿದ್ದಾರೆ. ಇದನ್ನು ಒಪ್ಪಿಕೊಳ್ಳಲೇಬೇಕು. ಚರ್ಚಿನ ಕೈಗೆ ಹೋಗಿದ್ದರಿಂದಲೇ ಉಳಿದ ಕಟ್ಟಡ ಅದು.

ಆಕೆ ಒಮ್ಮೆ ಮೆಟ್ಟಿಲ ಮೇಲೆ ಸಿಕ್ಕಾಗ ನಾನು ಸಿನಿಮಾ ಮಂದಿರದ ವಿಷಯ ಎತ್ತಿದೆ. ಆಕೆಗೆ ಕೋಪ ಬರಲಿಲ್ಲ. "ವಾರದಲ್ಲಿ ಆರು ದಿನ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಅಲ್ಲಿ ಕರೆಯುತ್ತಾರೆ" ಅಂದರು. ಅಷ್ಟೇ. ಕೈಯಲ್ಲಿ ಬಟ್ಟೆಯ ಬುಟ್ಟಿ ಇತ್ತು, ಒಳಗೆ ಹೋದರು.

ನಾನು ಆ ರಾತ್ರಿ ತುಂಬ ಯೋಚನೆ ಮಾಡಿದೆ. ಆಕೆಗೂ ಒಂದು ಜಾಗ ಬೇಕು. ಮನೆ ಹತ್ತಿರವೇ ಸಿಕ್ಕಿದರೆ ತಪ್ಪೇನು? ನಮ್ಮವರೇ ಪರದೇಶದಲ್ಲಿ ಶಾಲೆಯ ಹಾಲ್ ಬಾಡಿಗೆ ಹಿಡಿದು ಗಣಪತಿ ಕೂರಿಸುತ್ತಾರೆ, ಯುಗಾದಿ ಮಾಡುತ್ತಾರೆ. ಆ ಹಾಲ್ ಸಿಗದಿದ್ದರೆ ನಮಗೆ ಎಷ್ಟು ಬೇಜಾರಾಗುತ್ತದೆ, ಅಲ್ವಾ? ಹಾಗಾದರೆ ನಾನು ಆಕೆಯ ಚರ್ಚು ಬೇಡ ಅಂತ ಸಹಿ ಹಾಕುವುದು ಯಾವ ನ್ಯಾಯ?

ಕೊನೆಗೆ ನನಗೆ ಹೊಳೆದದ್ದು ಇಷ್ಟು. ಆಕೆಗೆ ಬೇಕಾದ ಜಾಗ ಊರಿನಲ್ಲಿ ಬೇರೆ ಕಡೆಯೂ ಸಿಗಬಹುದು. ಆದರೆ ಎರಡೂವರೆ ಸಾವಿರ ಜನ ಒಟ್ಟಿಗೆ ಕೂತು ನಗುವ ಜಾಗ ಊರಿನಲ್ಲಿ ಅದೊಂದೇ ಇತ್ತು. ಚರ್ಚು ಒಳ್ಳೇದಾ ಕೆಟ್ಟದ್ದಾ ಎಂಬುದು ಪ್ರಶ್ನೆಯಲ್ಲ. ಯಾರು ಬೇಕಾದರೂ ಟಿಕೆಟ್ ತಗೊಂಡು ಒಳಗೆ ಹೋಗಬಹುದಾಗಿದ್ದ ಜಾಗ, ಒಂದು ನಂಬಿಕೆಯವರು ಸೇರುವ ಜಾಗವಾದರೆ ಊರಿಗೆ ಏನು ಉಳಿಯುತ್ತದೆ ಅನ್ನೋದು ಪ್ರಶ್ನೆ. ಅದು ಮಸೀದಿಯಾದರೂ ಇದೇ ಪ್ರಶ್ನೆ, ಕೃಷ್ಣನ ಗುಡಿಯಾದರೂ ಇದೇ. ನಾನು ಅರ್ಜಿಗೆ ಬರೆದ ಉತ್ತರದಲ್ಲೂ ಇಷ್ಟನ್ನೇ ಬರೆದೆ. ಆ ಪಂಥದ ಬಗ್ಗೆ ಒಂದು ಮಾತೂ ಬರೆಯಲಿಲ್ಲ.

ಎಲ್ಲರೂ ಹಾಗೆ ಬರೆಯುತ್ತಾರೆ ಅಂತಲ್ಲ. ಇಂಥ ಜಗಳಗಳಲ್ಲಿ ಕೆಲವರಿಗೆ ಕಟ್ಟಡ ಒಂದು ನೆಪ. ಲಂಡನ್ನಿನ ನಡುಮಧ್ಯದ ಟ್ರೋಕಡೆರೊ ಎಂಬ ಮನರಂಜನಾ ಸಂಕೀರ್ಣದ ಒಂದು ಭಾಗದಲ್ಲಿ ಮಸೀದಿ ಮಾಡಲು 2020ರಲ್ಲಿ ಅರ್ಜಿ ಬಂದಾಗ ಎದ್ದ ಗದ್ದಲ ನೆನಪಿರಬಹುದು. ಸಾವಿರ ಜನಕ್ಕೆ ಅಂತ ಕೇಳಿದ್ದರು, ಆ ಅರ್ಜಿ ವಾಪಸ್ ಹೋಯಿತು. ಚಿಕ್ಕದಾಗಿ, 390 ಜನರ ಮಿತಿಯಲ್ಲಿ ಮತ್ತೆ ಕೇಳಿದಾಗ 2023ರಲ್ಲಿ ಅನುಮತಿ ಸಿಕ್ಕಿತು. ಆಕ್ಷೇಪಣೆಗಳ ರಾಶಿಯಲ್ಲಿ ಧರ್ಮದ ಮೇಲಿನ ಸಿಟ್ಟು ಎಷ್ಟಿದ್ದರೂ ಯೋಜನಾ ಸಮಿತಿ ಅದನ್ನು ಲೆಕ್ಕಕ್ಕೆ ತಗೊಳ್ಳುವ ಹಾಗಿಲ್ಲ. ಜನಸಂದಣಿ, ಶಬ್ದ, ಸಮಯ, ಜಾಗದ ಈಗಿನ ಬಳಕೆ, ಇವಿಷ್ಟೇ ಲೆಕ್ಕ. ನನಗೆ ಆ ಕ್ರಮದ ಮೇಲೆ ಗೌರವ ಬಂದದ್ದು ಇದಕ್ಕೇ. ಮನಸ್ಸಿನಲ್ಲಿ ಏನೇ ಇರಲಿ, ಬಾಯಿ ಬಿಡುವಾಗ ಎಲ್ಲರಿಗೂ ಅನ್ವಯಿಸುವ ಕಾರಣ ಕೊಡಬೇಕು.

ನಮ್ಮವರ ಕಥೆಯೂ ಒಂದಿದೆ, ಚುಟುಕಾಗಿ ಹೇಳುತ್ತೇನೆ. ಲಂಡನ್ನಿನ ಹೊರಗೆ ಹರ್ಟ್‌ಫರ್ಡ್‌ಶೈರ್‌ನ ಒಂದು ಪುಟ್ಟ ಹಳ್ಳಿಯ ಪಕ್ಕ ಇಸ್ಕಾನ್‌ನ ಭಕ್ತಿವೇದಾಂತ ಮ್ಯಾನರ್ ಇದೆ. 1973ರಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಕೊಟ್ಟ ಮನೆ. ಜನ್ಮಾಷ್ಟಮಿಗೆ ಸಾವಿರಾರು ಕಾರು ಬಂದು ಹಳ್ಳಿಯ ಕಿರಿದಾದ ರಸ್ತೆ ತುಂಬಿ ಹೋಗುತ್ತಿತ್ತು. ಕೌನ್ಸಿಲ್ ಸಾರ್ವಜನಿಕ ಪೂಜೆ ನಿಲ್ಲಿಸಿ ಅಂದಿತು. ವರ್ಷಗಟ್ಟಲೆ ಹೋರಾಟ, ಮೆರವಣಿಗೆ. 1996ರಲ್ಲಿ ಪರಿಹಾರ ಸಿಕ್ಕಿತು. ಏನು ಗೊತ್ತಾ? ಹಳ್ಳಿಯನ್ನು ಮುಟ್ಟದೆ ದೇವಸ್ಥಾನಕ್ಕೆ ಬರುವ ಒಂದು ಹೊಸ ದಾರಿ. ಸಮಸ್ಯೆ ಕಾರಿನದ್ದಾಗಿತ್ತು, ಪರಿಹಾರವೂ ದಾರಿಯದ್ದೇ ಆಯಿತು. ಕೃಷ್ಣನ ತಂಟೆಗೆ ಯಾರೂ ಹೋಗಬೇಕಾಗಲಿಲ್ಲ.

ವಾಲ್ಥಮ್‌ಸ್ಟೊಗೆ ವಾಪಸ್ ಬರೋಣ. 2011ರಲ್ಲಿ ಕೌನ್ಸಿಲ್ ಎರಡನೇ ಸಲವೂ ಬೇಡ ಅಂದಿತು. ಚರ್ಚಿನವರು ಮೇಲ್ಮನವಿ ಹೋದರು. ಬಹಿರಂಗ ವಿಚಾರಣೆ ಆಯಿತು. ಅಲ್ಲಿ ಎದ್ದ ಪ್ರಶ್ನೆ ಬಹಳ ಮುಖ್ಯ. ಸಿನಿಮಾ ಮಂದಿರ ಉಳಿಯಲಿ ಅನ್ನುತ್ತೀರಿ ಸರಿ, ನಡೆಸುವವರು ಯಾರು? ಯಾರೂ ಇಲ್ಲದಿದ್ದರೆ ಕಟ್ಟಡ ಕೊಳೆಯುತ್ತದೆ. ಕೊಳೆಯುವುದಕ್ಕಿಂತ ಚರ್ಚು ವಾಸಿ, ಅಲ್ವಾ?

ಅದೇ ದೇಶದ ಯೋಜನಾ ನೀತಿಯನ್ನು ಓದಿದರೆ ಈ ಪ್ರಶ್ನೆಯ ತೂಕ ಗೊತ್ತಾಗುತ್ತದೆ. 2012ರ ನೀತಿಯಲ್ಲಿ ಸಮುದಾಯದ ಸೌಲಭ್ಯಗಳನ್ನು ಸುಮ್ನೆ ಕಳೆದುಕೊಳ್ಳಬಾರದು ಅಂತ ಇದೆ. ಅಲ್ಲೇ ಆ ಸೌಲಭ್ಯಗಳ ಪಟ್ಟಿಯೂ ಇದೆ: ಅಂಗಡಿ, ಸಭೆ ಸೇರುವ ಜಾಗ, ಆಟದ ತಾಣ, ಸಾಂಸ್ಕೃತಿಕ ಕಟ್ಟಡ, ಪಬ್ಬು, ಮತ್ತು ಪೂಜಾಸ್ಥಳ. ಅಂದರೆ ಸಿನಿಮಾ ಮಂದಿರವೂ ಸಮುದಾಯದ್ದು, ಚರ್ಚೂ ಸಮುದಾಯದ್ದು. ಪುಸ್ತಕ ನೋಡಿ ತೀರ್ಪು ಹೇಳಲು ಆಗುವುದಿಲ್ಲ. ಆ ಊರಿಗೆ ಯಾವುದು ಇಲ್ಲ, ಯಾವುದು ಹೋದರೆ ಮತ್ತೆ ಬರಲ್ಲ ಅಂತ ನೋಡಲೇಬೇಕು.

ಹೋರಾಟಗಾರರ ದೊಡ್ಡ ಕೆಲಸ ಅಂದರೆ ಇದು. ಅವರು ಬರೀ ಬೇಡ ಅನ್ನಲಿಲ್ಲ. ಟ್ರಸ್ಟ್ ಕಟ್ಟಿದರು. ಈ ಜಾಗವನ್ನು ಮನರಂಜನೆಗೆ ನಡೆಸಲು ಸಾಧ್ಯ ಅಂತ ಯೋಜನೆ ಮಾಡಿ ತೋರಿಸಿದರು. ನಾಟಕ, ಹಾಸ್ಯ, ಸಿನಿಮಾ ಎಲ್ಲ ಸೇರಿಸಿ ನಡೆಸಬಹುದು ಅಂತ ಲೆಕ್ಕ ಹಾಕಿದರು. ಸ್ಥಳೀಯ ಸಂಸದೆ ಸ್ಟೆಲ್ಲಾ ಕ್ರೀಸಿ ಜೊತೆಗೆ ನಿಂತರು. ಕಡತ ಕೊನೆಗೆ ಲಂಡನ್ನಿನ ಸಚಿವಾಲಯಕ್ಕೆ ಹೋಯಿತು. ಸಚಿವ ಎರಿಕ್ ಪಿಕಲ್ಸ್ ಚರ್ಚಿನ ಮೇಲ್ಮನವಿಯನ್ನು ಒಪ್ಪಲಿಲ್ಲ.

ಗೆದ್ದ ಮೇಲೆ ಏನಾಯಿತು? ತಕ್ಷಣ ಏನೂ ಆಗಲಿಲ್ಲ. ಇದನ್ನು ಒತ್ತಿ ಹೇಳಬೇಕು. 2014ರಲ್ಲಿ ಒಂದು ಪಬ್ ಕಂಪನಿ ಕಟ್ಟಡ ಕೊಂಡಿತು. ಮುಂದಿನ ವರ್ಷ ಮುಂಭಾಗದ ಹಜಾರ ಪಬ್ಬಾಗಿ ತೆರೆಯಿತು. ಒಳಗಿನ ದೊಡ್ಡ ಸಭಾಂಗಣ ಕತ್ತಲಲ್ಲೇ ಇತ್ತು. 2019ರಲ್ಲಿ ಕೌನ್ಸಿಲ್ಲೇ ಅದನ್ನು ಕೊಂಡಿತು. ಸೋಹೊ ಥಿಯೇಟರ್ ಎಂಬ ರಂಗಸಂಸ್ಥೆ ಜೊತೆಯಾಯಿತು. 2025ರ ಮೇ ತಿಂಗಳಲ್ಲಿ, ಸುಮಾರು ಸಾವಿರ ಆಸನದ ರಂಗಮಂದಿರವಾಗಿ ಬಾಗಿಲು ತೆರೆಯಿತು. ಬೀಗ ಹಾಕಿ 22 ವರ್ಷ ಆಗಿತ್ತು. ಅಲ್ಲಿ ಮೊದಲ ಸಿನಿಮಾ ನೋಡಬೇಕಿದ್ದ ಮಗು ಅಷ್ಟರಲ್ಲಿ ಓದು ಮುಗಿಸಿ ಕೆಲಸಕ್ಕೆ ಸೇರಿರುತ್ತದೆ. ಆ 22 ವರ್ಷದ ನಷ್ಟ ಯಾರಿಗೆ ಅಂತ ಕೇಳಿದರೆ ಎಲ್ಲರಿಗೂ. ಸಿನಿಮಾದವರಿಗೂ, ನನ್ನ ಕೆಳಮನೆಯ ಹೆಂಗಸಿಗೂ.

ನಾನು ಇಲ್ಲಿಗೆ ಮುಗಿಸಿ ಕೂತೆ. ಆಗ ಹಿಂದಿನ ಸಾಲಿನಿಂದ ನಮ್ಮ ಬಡಾವಣೆಯ ಹಿರಿಯರೊಬ್ಬರು ಎದ್ದರು. ಅವರನ್ನು ನಾವೆಲ್ಲ ಮೇಷ್ಟ್ರೇ ಅಂತಲೇ ಕರೆಯುವುದು. "ಲಂಡನ್ನಿನದ್ದು ಚೆನ್ನಾಗಿ ಹೇಳಿದ್ಯಪ್ಪ. ನಮ್ಮ ಪಾರ್ಕಿನ ಮೂಲೇದು ಹೇಳು" ಅಂದರು.

ಹೇಳಬೇಕಾಯಿತು. ನಮ್ಮ ಪಾರ್ಕಿನ ಮೂಲೆಯಲ್ಲಿ ಒಂದು ಅರಳಿಮರ ಇದೆ. ನಾನು ಚಿಕ್ಕವನಿದ್ದಾಗ ಅದರ ಬುಡದಲ್ಲಿ ಎರಡು ನಾಗರಕಲ್ಲು ಇದ್ದವು. ನಮ್ಮಜ್ಜಿ ಶನಿವಾರ ಅಲ್ಲಿ ಎಳ್ಳೆಣ್ಣೆ ದೀಪ ಹಚ್ಚುತ್ತಿದ್ದರು. ಪಕ್ಕದಲ್ಲಿ ನಾವು ಹುಡುಗರು ಸುಣ್ಣದಲ್ಲಿ ಗೆರೆ ಎಳೆದು ಶಟಲ್ ಆಡುತ್ತಿದ್ದೆವು. ಅಜ್ಜಿ ಮೂರು ಸುತ್ತು ಸುತ್ತುವವರೆಗೆ ನಾವು ಆಟ ನಿಲ್ಲಿಸುತ್ತಿದ್ದೆವು. ಕಾಕ್ ಹೋಗಿ ಕಲ್ಲಿನ ಮೇಲೆ ಬಿದ್ದರೆ ಅಜ್ಜಿಯೇ ಎತ್ತಿ ಎಸೆಯುತ್ತಿದ್ದರು. ಆಮೇಲೆ ಮರಕ್ಕೆ ಕಟ್ಟೆ ಬಂತು. ಕಟ್ಟೆಗೆ ಟೈಲ್ಸ್ ಬಂತು. ಬಿಸಿಲಿಗೆ ಅಂತ ತಗಡಿನ ಚಾವಣಿ ಬಂತು. ಗ್ರಿಲ್ಲು ಬಂತು, ಹುಂಡಿ ಬಂತು, ಮೈಕು ಬಂತು. ಈಗ ಶಟಲ್ ಆಡುವ ಜಾಗ ಚಪ್ಪಲಿ ಬಿಡುವ ಜಾಗ. ಯಾವ ಹಂತದಲ್ಲೂ ಯಾರೂ ಯಾರನ್ನೂ ಕೇಳಲಿಲ್ಲ. ಕೆಟ್ಟ ಉದ್ದೇಶದಿಂದ ಯಾರೂ ಮಾಡಲಿಲ್ಲ, ಅದೂ ನಿಜ. ತಗಡಿಗೆ ದುಡ್ಡು ಕೊಟ್ಟವರಲ್ಲಿ ನಮ್ಮಪ್ಪನೂ ಒಬ್ಬರು.

ಕಾನೂನು ಇಲ್ಲ ಅಂತಲ್ಲ. ಉದ್ಯಾನ, ಆಟದ ಮೈದಾನ, ಬಯಲು ಜಾಗ ಕಾಪಾಡಲು ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ತೀರ್ಪು ಕೊಟ್ಟಿತು. ಆಸ್ಪತ್ರೆ ಒಳ್ಳೇದೇ ಅಲ್ವಾ? ಆದರೂ ಪಾರ್ಕಿನ ಜಾಗ ಪಾರ್ಕಿಗೇ. 2009ರಲ್ಲಿ ಅದೇ ಕೋರ್ಟ್, ರಸ್ತೆ, ಪಾರ್ಕು, ಸಾರ್ವಜನಿಕ ಜಾಗಗಳಲ್ಲಿ ಇನ್ನು ಮುಂದೆ ಅನಧಿಕೃತವಾಗಿ ಗುಡಿ, ಮಸೀದಿ, ಚರ್ಚು, ಗುರುದ್ವಾರ ಕಟ್ಟುವ ಹಾಗಿಲ್ಲ ಅಂತ ಆದೇಶ ಮಾಡಿತು. ಆ ಆದೇಶದ ಪಾಲನೆ ಅಂತ 2021ರಲ್ಲಿ ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯ ಗುಡಿಯನ್ನು ಕೆಡವಿದಾಗ ರಾಜ್ಯವೇ ಎದ್ದು ನಿಂತಿತು. ಕೂಡಲೇ ಧಾರ್ಮಿಕ ಕಟ್ಟಡಗಳ ರಕ್ಷಣೆಗೆ ಹೊಸ ಕಾಯ್ದೆ ಬಂತು. ಕಟ್ಟಿದ ಮೇಲೆ ಕೆಡವುವುದು ಅಂದರೆ ಹೀಗೆ. ಆ ಊರಿನವರ ನೋವನ್ನು ನಾನು ಹಗುರ ಮಾಡುವುದಿಲ್ಲ. ನಮ್ಮಜ್ಜಿಯ ಕಲ್ಲನ್ನು ಯಾರಾದರೂ ಜೆಸಿಬಿಯಲ್ಲಿ ಎತ್ತಿದರೆ ನಾನೂ ಅಡ್ಡ ನಿಲ್ಲುತ್ತೇನೆ.

ಆದ್ದರಿಂದಲೇ ಕೇಳುವುದು ಕಟ್ಟುವ ಮೊದಲು ಆಗಬೇಕು. ತಗಡು ಬರುವ ಮೊದಲು. ನಮ್ಮಲ್ಲೂ ಜಾಗದ ಬಳಕೆ ಬದಲಾಯಿಸಬೇಕಾದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಆ ಸಣ್ಣ ಅಕ್ಷರದ ಪ್ರಕಟಣೆಯನ್ನು ನಿಮ್ಮಲ್ಲಿ ಎಷ್ಟು ಜನ ಓದಿದ್ದೀರಿ? ಅದೇ ಕಾಗದ ಪಾರ್ಕಿನ ಗೇಟಿನ ಮೇಲೆ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಇದ್ದರೆ? ಅಜ್ಜಿಯೂ ಓದುತ್ತಿದ್ದರು, ಶಟಲ್ ಹುಡುಗರೂ ಓದುತ್ತಿದ್ದರು. ಬಹುಶಃ ಕಲ್ಲು, ದೀಪ, ಮರ ಅಲ್ಲೇ ಉಳಿದು, ಮೈಕು, ಗ್ರಿಲ್ಲು ಬೇಡ ಅಂತ ಎಲ್ಲರೂ ಒಪ್ಪುತ್ತಿದ್ದರು.

ಮೇಷ್ಟ್ರು ಮತ್ತೆ ಎದ್ದರು. "ಪೂರ್ವದ ಕಡೆ ಖಾಲಿ ಜಾಗ ಇನ್ನೂ ಇದೆ. ಸಮುದಾಯ ಭವನ ಅಂತಿದಾರೆ, ಭಜನಾ ಮಂದಿರ ಅಂತಿದಾರೆ, ಜಿಮ್ ಅಂತಾನೂ ಅಂತಿದಾರೆ. ಇನ್ನೂ ಯಾರೂ ಒಂದು ಇಟ್ಟಿಗೆ ಇಟ್ಟಿಲ್ಲ" ಅಂದರು.

ಸಭೆ ಮುಗಿದ ಮೇಲೆ ನಾವು ಏಳು ಜನ ಅಲ್ಲೇ ಕೂತೆವು. ವಾಚನಾಲಯದ ಹುಡುಗಿ ಒಂದು ದೊಡ್ಡ ರಟ್ಟು ತಂದಳು. ಆ ಜಾಗದಲ್ಲಿ ಏನಾಗಬೇಕು, ಯಾಕೆ, ನಿಮ್ಮ ಕಾರಣ ಬರೆಯಿರಿ ಅಂತ ಅದರ ಮೇಲೆ ಬರೆದೆವು. ಮಳೆ ಬರುವ ಹಾಗಿತ್ತು. ಮೇಷ್ಟ್ರು ತಮ್ಮ ಮನೆಯಿಂದ ಹಾಲಿನ ಪ್ಲಾಸ್ಟಿಕ್ ಕವರುಗಳನ್ನು ಕತ್ತರಿಸಿ ತಂದು ಹೊದಿಸಿದರು. ಈಗ ಅದು ಪಾರ್ಕಿನ ಗೇಟಿಗೆ ನೇತಾಡುತ್ತಿದೆ. ಮೊದಲ ಕಾರಣ ಬರೆದವಳು ಆರನೇ ಕ್ಲಾಸಿನ ಹುಡುಗಿ. ಅವಳಿಗೆ ಜೋಕಾಲಿ ಬೇಕಂತೆ.